ಅವರ ಘಾಟಿ, ನಮ್ಮ ಗಂಟಿಚೋರ

2023ರ ಮೇ 1. ದುಡಿಯುವವರ ದಿನ. ಅದೇ ದಿನ ಗೋವಾದ ಮುಖ್ಯಮಂತ್ರಿ ಪ್ರಮೋದ ಸಾವಂತರು ಸಭೆಯೊಂದರಲ್ಲಿ ಒಂದು ಲೆಕ್ಕ ಒಪ್ಪಿಸಿದರು. ತಮ್ಮ ರಾಜ್ಯದಲ್ಲಿ ನಡೆಯುವ ಅಪರಾಧಗಳಲ್ಲಿ ಶೇಕಡಾ 90ರಷ್ಟನ್ನು ಹೊರರಾಜ್ಯದ ಕೂಲಿಗಳೇ ಮಾಡುತ್ತಾರೆ ಎಂಬುದು ಆ ಲೆಕ್ಕ. ಬಿಹಾರ, ಉತ್ತರಪ್ರದೇಶ ಎಂದು ಹೆಸರನ್ನೂ ತೆಗೆದರು. ಕೂಲಿಗಳಿಗೆಲ್ಲ ಲೇಬರ್ ಕಾರ್ಡು ಆಗಬೇಕೆಂಬ ಮಾತೂ ಬಂತು. ಹೀಗೆ ಕಾರ್ಮಿಕ ದಿನದ ಮರುದಿನ ಪತ್ರಿಕೆಗಳ ತಲೆಬರಹದಲ್ಲಿ ಕೂಲಿಕಾರ ಕಾಣಿಸಿಕೊಂಡ. ಅವನ ಕೂಲಿಯ ಕಾರಣಕ್ಕಲ್ಲ, ಕಳ್ಳತನದ ಕಾರಣಕ್ಕೆ.

ಕರ್ನಾಟಕದ ಹೆಸರು ತೆಗೆಯಲಿಲ್ಲವಲ್ಲ ಎಂದು ನಮ್ಮಲ್ಲಿ ಕೆಲವರಿಗೆ ಸಮಾಧಾನ. ಸಮಾಧಾನಪಡಬೇಕಾದದ್ದು ಏನೂ ಇಲ್ಲ. ಬಿಹಾರಿಗಳು ಬರುವುದಕ್ಕಿಂತ ಮೊದಲೇ ಆ ಜಾಗದಲ್ಲಿ ನಮ್ಮನ್ನು ಕೂಡಿಸಿದ್ದರು. ವಾಸ್ಕೋದಲ್ಲಿ, ಮಡಗಾವಿಯಲ್ಲಿ, ಮಾಪುಸಾದ ಸಂತೆಯಲ್ಲಿ ಗದಗ ಸೀಮೆಯ ಕೂಲಿಗೆ ಇರುವ ಹೆಸರು ‘ಘಾಟಿ’. ಘಟ್ಟದ ಮೇಲಿನವನು ಎಂದಷ್ಟೇ ಅದರ ಅರ್ಥ. ಮಂಗಳೂರು, ಉಡುಪಿಯ ಕಡೆ ‘ಘಟ್ಟದವರು’ ಅನ್ನುತ್ತಾರೆ. ಕಲ್ಲು, ಮಣ್ಣು, ಗಿಡಗಂಟಿಯ ಹೆಸರು ಬೈಗುಳ ಆಗಬೇಕಾದರೆ ಅದರ ಹಿಂದೆ ಒಂದು ವ್ಯವಹಾರ ಇರಲೇಬೇಕು. ಈ ವ್ಯವಹಾರ ಯಾವುದು ಎಂಬುದನ್ನು ನೋಡುವುದೇ ಇಲ್ಲಿ ನಮ್ಮ ಕೆಲಸ. ನಾವು ಹೇಳುವುದನ್ನು ಮೊದಲೇ ಹೇಳಿಬಿಡುತ್ತೇವೆ: ಪ್ರತಿಯೊಂದು ಬೈಗುಳಕ್ಕೂ ಒಂದು ಕೂಲಿ ದರ ಇದೆ. ಕಳ್ಳ ಎಂಬ ಹೆಸರು ಹಚ್ಚಿದ ಕೂಡಲೇ ಮನುಷ್ಯ ಅಗ್ಗ ಆಗುತ್ತಾನೆ. ಈ ವ್ಯವಹಾರವನ್ನು ಗೋವಾದವರು ಒಬ್ಬರೇ ಮಾಡುತ್ತಿಲ್ಲ. ಗದಗ-ಬೆಟಗೇರಿಯಲ್ಲಿ ಕೂತು ನಾವೂ ಮಾಡಿದ್ದೇವೆ.

ಪಂಪ ತನ್ನ ಕಾವ್ಯದ ಕನ್ನಡ ಪುಲಿಗೆರೆಯ ತಿರುಳ್ಗನ್ನಡ ಎಂದು ಹೆಮ್ಮೆಯಿಂದ ಹೇಳಿಕೊಂಡ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ನವೆಂಬರ್ ಬಂದರೆ ವೇದಿಕೆಯ ಮೇಲೆ ನಿಂತವರು ಈ ಮಾತನ್ನು ಬಿಡುವುದೇ ಇಲ್ಲ. ಆದರೆ ತಿರುಳ್ಗನ್ನಡ ಇವತ್ತು ಎಲ್ಲಿ ಕೇಳುತ್ತದೆ ಎಂದು ಅವರನ್ನು ಕೇಳಬೇಕು. ವಾಸ್ಕೋದ ಬೈನಾದಲ್ಲಿ ಕೇಳುತ್ತದೆ. ಮಂಗಳೂರಿನಲ್ಲಿ ಎದ್ದು ನಿಂತ ಅಪಾರ್ಟ್‌ಮೆಂಟುಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಕೇಳುತ್ತದೆ. ಕಾಂಕ್ರೀಟು ಕಲಸುವ ಮಷೀನಿನ ಸಪ್ಪಳದಲ್ಲಿ ಗಂಡ ಹೆಂಡತಿಗೆ ‘ಬುಟ್ಟಿ ತಾರಲೇ’ ಅನ್ನುವ ಕನ್ನಡ ಅದು. 2004ರ ಜೂನ್‌ನಲ್ಲಿ ಗೋವಾ ಸರ್ಕಾರ ಬೈನಾ ದಂಡೆಯ ಕೋಣೆಗಳನ್ನು ಬುಲ್ಡೋಜರ್ ಹಚ್ಚಿ ಕೆಡವಿತು. ಅಲ್ಲಿ ಮೈ ಮಾರಿ ಬದುಕುತ್ತಿದ್ದ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಕರ್ನಾಟಕ, ಆಂಧ್ರದವರು. ಮಳೆಗಾಲ ಶುರುವಾಗಿತ್ತು. ದೇವದಾಸಿ ಪದ್ಧತಿ ನಿಷೇಧಿಸಿ 1982ರಲ್ಲಿ ಕಾಯ್ದೆ ಬರೆದ ನಮ್ಮ ರಾಜ್ಯದಲ್ಲಿ ಆ ಹೆಣ್ಣುಮಕ್ಕಳ ಪರವಾಗಿ ಎಷ್ಟು ಕನ್ನಡಾಭಿಮಾನಿಗಳು ಬೀದಿಗಿಳಿದರು? ಅಭಿಮಾನಕ್ಕೂ ಜಾತಿ ಇರುತ್ತದೆ ಎಂದು ನಮಗೆ ಗೊತ್ತು.

ಮುಂಡರಗಿ, ಶಿರಹಟ್ಟಿ ತಾಲೂಕಿನ ತಾಂಡಾಗಳಿಗೆ ದೀಪಾವಳಿ ಮುಗಿದ ಮೇಲೆ ಹೋಗಿ ನೋಡಿರಿ. ಬೀಗ ಹಾಕಿದ ಬಾಗಿಲು, ಕಟ್ಟೆಯ ಮೇಲೆ ಮುದುಕರು, ಅವರ ಕಾಲಬುಡಕ್ಕೆ ಸಣ್ಣ ಕೂಸುಗಳು. ದೊಡ್ಡವರೆಲ್ಲ ದುಡಿಯಾಕ ಹೋಗ್ಯಾರ. ಕೆಲವರು ಗೋವಾಕ್ಕೆ, ಕೆಲವರು ಮಂಗಳೂರಿಗೆ, ಕೆಲವರು ಕಬ್ಬಿನ ಸೀಮೆಗೆ, ಇನ್ನು ಕೆಲವರು ಬೆಂಗಳೂರಿಗೆ. ಹೋಳಿಗೆ ಬಂದರೆ ಬಂದರು, ಇಲ್ಲದಿದ್ದರೆ ಮಳೆ ಬಿದ್ದ ಮೇಲೆ. ತಾಂಡಾ ಒಂದೇ ಅಲ್ಲ. ಮಾದಿಗರ ಓಣಿ, ವಡ್ಡರ ಓಣಿ, ಒಣಬೇಸಾಯದ ಸಣ್ಣ ಹಿಡುವಳಿಯ ಕುರುಬರು, ಮುಸಲ್ಮಾನರು, ಬೆಟಗೇರಿಯಲ್ಲಿ ಮಗ್ಗ ನಿಲ್ಲಿಸಿದ ನೇಕಾರರ ಹುಡುಗರು, ಎಲ್ಲರೂ ಇದ್ದಾರೆ. ಹೆಸರು, ಶೇಂಗಾ, ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆಯುವ ಎರಿ ಮತ್ತು ಮಸಾರಿ ನೆಲ. ಮಳೆ ಕೈಕೊಟ್ಟರೆ ಬೆಳೆ ಇಲ್ಲ, ಮಳೆ ಬಂದರೆ ರೇಟು ಇಲ್ಲ. ಹಿಂಗಾರಿ ಬಿತ್ತಿ ಮುಗಿದ ಮೇಲೆ ಭೂಮಿ ಇಲ್ಲದವನಿಗೆ ಊರಲ್ಲಿ ಏನಿದೆ? ತುಂಗಭದ್ರೆ ಮುಂಡರಗಿಯ ಅಂಚಿಗೇ ಹರಿಯುತ್ತದೆ. ಹಮ್ಮಿಗಿಯ ಹತ್ತಿರ ಬ್ಯಾರೇಜು ಕಟ್ಟಿ ಶಿಂಗಟಾಲೂರು ಏತ ನೀರಾವರಿ ಅಂದರು. ನೀರು ಮೇಲೆ ಎತ್ತುವ ಪಂಪು ಬಂತು. ಆದರೆ ಹೊಲವೇ ಇಲ್ಲದವನ ಹೊಲಕ್ಕೆ ನೀರು ಏರಿಸುವ ಪಂಪನ್ನು ಯಾವ ಎಂಜಿನಿಯರೂ ಇನ್ನೂ ಕಂಡುಹಿಡಿದಿಲ್ಲ.

ಘಟ್ಟ ಇಳಿಯುವುದು ಲಂಬಾಣಿಗರಿಗೆ ಹೊಸದಲ್ಲ. ಅವರ ಅಜ್ಜ ಮುತ್ತಜ್ಜಂದಿರು ಸಾವಿರಾರು ಎತ್ತುಗಳ ಮೇಲೆ ದವಸ ಹೇರಿಕೊಂಡು ಕರಾವಳಿಗೆ ಇಳಿದು, ಉಪ್ಪು ಹೇರಿಕೊಂಡು ಮೇಲೆ ಬರುತ್ತಿದ್ದರು. ಬಯಲುಸೀಮೆಯ ಸಾರಿನಲ್ಲಿ ಉಪ್ಪು ಇದ್ದದ್ದು ಅವರ ಎತ್ತುಗಳ ಬೆನ್ನಿನಿಂದ. ಆಗ ಅವರನ್ನು ಯಾರೂ ವಲಸಿಗರು ಅನ್ನಲಿಲ್ಲ, ವ್ಯಾಪಾರಿಗಳು ಎಂದರು. ಇಂಗ್ಲಿಷರು ಉಪ್ಪಿಗೆ ಕರ ಹಾಕಿದರು, 1880ರ ದಶಕದಲ್ಲಿ ಗದಗಿಗೆ ರೈಲು ತಂದರು. ಎತ್ತಿನ ಹೇರು ಸತ್ತಿತು. ಉಪ್ಪು ಹೊತ್ತವರ ಮೊಮ್ಮಕ್ಕಳು ಇವತ್ತು ಅದೇ ಘಟ್ಟ ಇಳಿದು ಸಿಮೆಂಟು ಹೊರುತ್ತಿದ್ದಾರೆ. ಅವರ ಹೆಣ್ಣುಮಕ್ಕಳು ಅಂಜುನಾ, ಕಲಂಗುಟ್ ದಂಡೆಯ ಮೇಲೆ ಮಣಿಸರ, ಕನ್ನಡಿ ಹಚ್ಚಿದ ಬಟ್ಟೆ ಮಾರುತ್ತ ಪೊಲೀಸರನ್ನು ಕಂಡರೆ ಗಂಟು ಕಟ್ಟಿಕೊಂಡು ಓಡುತ್ತಾರೆ. ಅದೇ ಬಟ್ಟೆ ಎಂಪೋರಿಯಂನ ಗಾಜಿನ ಹಿಂದೆ ನಿಂತರೆ ಪರಂಪರೆ, ಮರಳಿನ ಮೇಲೆ ಹಾಸಿದರೆ ಉಪದ್ರವ.

ಈಗ ನಮ್ಮ ಸಾಹಿತ್ಯದ ಮಾತು. ಗುಳೆ ಕುರಿತು ಕನ್ನಡದಲ್ಲಿ ಬಂದ ಕತೆ, ಕವಿತೆ, ಪತ್ರಿಕೆಯ ವಿಶೇಷ ವರದಿ ತೆಗೆದು ನೋಡಿದರೆ ಹೆಚ್ಚಿನವು ಒಂದೇ ಅಚ್ಚಿನವು. ಒಡೆದ ನೆಲ, ಒಣಗಿದ ಬಾವಿ, ತಲೆ ಮೇಲೆ ಗಂಟು, ಕಂಕುಳಲ್ಲಿ ಕೂಸು, ಹಿಂದಿರುಗಿ ನೋಡುವ ಮುದುಕಿ. ಓದಿದವರ ಕಣ್ಣಲ್ಲಿ ನೀರು ಬರುತ್ತದೆ, ಪುಟ ತಿರುಗುತ್ತದೆ. ಈ ಬರಹಗಳಿಗೆ ಮಳೆಯೊಂದೇ ಖಳನಾಯಕ. ಮಳೆಗೆ ಬೈದರೆ ಯಾರಿಗೂ ನೋವಾಗುವುದಿಲ್ಲ, ಪ್ರಶಸ್ತಿಯೂ ಬರಬಹುದು. ಊರಲ್ಲಿ ಯಾರ ಹತ್ತಿರ ಎಷ್ಟು ಎಕರೆ, ಯಾರು ಯಾರಿಗೆ ಸಾಲ ಕೊಟ್ಟ, ಯಾವ ಮೇಸ್ತ್ರಿ ಎಷ್ಟು ಮುಂಗಡ ಕೊಟ್ಟು ಯಾರನ್ನು ಲಾರಿ ಹತ್ತಿಸಿದ ಎಂಬ ಲೆಕ್ಕ ಅಲ್ಲಿ ಇರುವುದಿಲ್ಲ. ಗಂಟು ಹೊತ್ತವಳು ಎಲ್ಲಿ ಇಳಿದಳು, ಇಳಿದ ಮೇಲೆ ಏನಾಯಿತು ಎಂಬುದೂ ಇಲ್ಲ. ಬಸ್ಸು ಹೊರಟ ಕೂಡಲೇ ಕತೆ ಮುಗಿಯುತ್ತದೆ. ಅವಳ ಕತೆ ಶುರುವಾಗುವುದೇ ಅಲ್ಲಿಂದ.

ಇನ್ನೊಂದು ಮಾತು ನಮ್ಮ ಗೆಳೆಯರಿಗೇ ಕಹಿ ಅನಿಸಬಹುದು. ಗುಳೆ ಎಂದರೆ ಬರೀ ದುರಂತ ಎಂದು ಹೇಳುವವರ ಜೊತೆ ನಾವು ಪೂರ್ತಿ ಹೋಗಲಾರೆವು. ‘ಹಳ್ಳಿ ಖಾಲಿ ಆತು, ಆಳು ಸಿಗೂದಿಲ್ಲ’ ಎಂದು ಊರ ಕಟ್ಟೆಯ ಮೇಲೆ ಕೂತು ಮರುಗುವವರು ಯಾರು ಎಂದು ನೋಡಬೇಕು. ಕಳೆ ತೆಗೆಯಲು ಹಿಂದಿನ ಕೂಲಿಗೆ ಬರುವವರು ಇಲ್ಲ ಎಂಬುದು ಅವರ ದುಃಖ. 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಹೊಗಳುವವರಿಗೆ ಏನು ಉತ್ತರ ಕೊಟ್ಟರೆಂಬುದು ನಿಮಗೆಲ್ಲ ಗೊತ್ತು. ಹಳ್ಳಿ ಅಜ್ಞಾನದ, ಜಾತೀಯತೆಯ ಗವಿ ಎಂದರು. ಆ ಗವಿಯಿಂದ ಹೊರಬಿದ್ದ ಹುಡುಗ ಮಾಪುಸಾದಲ್ಲಿ ಘಾಟಿ ಅನ್ನಿಸಿಕೊಂಡರೂ ಹೋಟೆಲಿನ ಒಳಗೆ ಕೂತು ಚಹಾ ಕುಡಿಯುತ್ತಾನೆ. ಊರಲ್ಲಿ ಅವನ ಅಪ್ಪ ಬೇರೆ ಕಪ್ಪಿನಲ್ಲಿ ಕುಡಿದವನು. ಮೂರು ವರ್ಷ ಸೆಂಟ್ರಿಂಗ್ ಮಾಡಿ ಬಂದವನು ಗೌಡರ ಮುಂದೆ ಟವಲು ಕಂಕುಳಲ್ಲಿ ಇಟ್ಟುಕೊಳ್ಳುವುದಿಲ್ಲ. ತಾಂಡಾಗಳಲ್ಲಿ ಎದ್ದ ಆರ್‌ಸಿಸಿ ಮನೆ, ಮಗಳ ನರ್ಸಿಂಗ್ ಫೀ, ತೀರಿಸಿದ ಸಾಲ ಇವೆಲ್ಲ ಘಟ್ಟದ ಕೆಳಗಿನ ದುಡ್ಡು. ಹಾಗಾಗಿ ನಮ್ಮ ತಕರಾರು ಅವರು ಹೋದದ್ದಕ್ಕಲ್ಲ. ಹೋಗದೆ ಗತಿ ಇಲ್ಲದಂತೆ ಮಾಡಿದ್ದಕ್ಕೆ, ಹೋದ ಮೇಲೆ ಮನುಷ್ಯರೆಂದು ಲೆಕ್ಕಕ್ಕೆ ಹಿಡಿಯದೆ ಇದ್ದುದಕ್ಕೆ. 2005ರ ಉದ್ಯೋಗ ಖಾತರಿ ಕಾಯ್ದೆ ವರ್ಷಕ್ಕೆ 100 ದಿನದ ಕೆಲಸ ಎಂದು ಬರೆಯಿತು. ಆ ದಿನಗಳು ಪೂರ್ತಿ ಸಿಕ್ಕ ಮನೆಗಳೆಷ್ಟು, ಸಿಕ್ಕರೂ ಕೂಲಿ ಬರಲು ಎಷ್ಟು ವಾರ ಕಾಯಬೇಕಾಯಿತು ಎಂಬುದನ್ನು ಪಂಚಾಯಿತಿಯ ಕಟ್ಟೆಗೆ ಹೋಗಿ ಕೇಳಿದರೆ ಸಾಕು.

ಬಂಡವಾಳವೂ ವಲಸೆ ಬರುತ್ತದೆ. 2010-11ರಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಕಡೆ ವಲಸೆ ಬಂತು. 32 ಸಾವಿರ ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆ, ಮೂರು ಸಾವಿರಕ್ಕೂ ಮಿಕ್ಕಿ ಎಕರೆ ಜಮೀನು. ಸಮುದ್ರ ದಾಟಿ ಬಂದ ಈ ಪರದೇಶಿಯನ್ನು ಯಾರೂ ಪೊಲೀಸ್ ಠಾಣೆಗೆ ಹೋಗಿ ಹೆಸರು ಬರೆಸಿ ಬಾ ಅನ್ನಲಿಲ್ಲ. ಕೆಂಪು ಹಾಸು ಹಾಸಿದರು. ಎರಿ ನೆಲದ ರೈತರು, ಕೂಲಿಗಳು ಎದ್ದು ನಿಂತರು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಜೊತೆ ನಿಂತರು. 2011ರ ಜುಲೈಯಲ್ಲಿ ಸರ್ಕಾರ ಭೂಸ್ವಾಧೀನ ನಿಲ್ಲಿಸಬೇಕಾಯಿತು, 2013ರಲ್ಲಿ ಕಂಪನಿ ಗಂಟುಮೂಟೆ ಕಟ್ಟಿತು. ಹಳ್ಳಿಗುಡಿಯ ಒಬ್ಬ ಹುಡುಗ ವಾಸ್ಕೋಕ್ಕೆ ಹೋದರೆ ಅವನು ‘ಸಮಸ್ಯೆ’, ಕೊರಿಯಾದ ಕಂಪನಿ ಹಳ್ಳಿಗುಡಿಗೆ ಬಂದರೆ ಅದು ‘ಹೂಡಿಕೆ’. ಹುಡುಗ ತಗಡಿನ ಶೆಡ್ಡಿನಷ್ಟು ಜಾಗ ಕೇಳುತ್ತಾನೆ, ಕಂಪನಿ ಮೂರು ಸಾವಿರ ಎಕರೆ ಕೇಳುತ್ತದೆ. ಜಾಗ ಅತಿಕ್ರಮಣ ಮಾಡಿದ ಎಂಬ ಕೇಸು ಮಾತ್ರ ಹುಡುಗನ ಮೇಲೆ.

ಅಪರಾಧದ ಲೆಕ್ಕಕ್ಕೆ ಬರೋಣ. ವಲಸೆ ಹೋದವರಲ್ಲಿ ಕಳ್ಳರೇ ಇಲ್ಲ, ಕುಡಿದು ಬಡಿದಾಡುವವರೇ ಇಲ್ಲ ಎಂದು ನಾವು ವಕಾಲತ್ತು ಹಾಕುವುದಿಲ್ಲ. ಇದ್ದಾರೆ. ಊರಲ್ಲಿ ಇರುವ ಹಾಗೆ ಅಲ್ಲೂ ಇದ್ದಾರೆ. ನಾವು ಕೇಳುವುದು ಲೆಕ್ಕದ ಪ್ರಶ್ನೆ. ವಲಸೆ ಹೋಗುವವರಲ್ಲಿ ಬಹುಪಾಲು ಹದಿನೆಂಟರಿಂದ ನಲವತ್ತರ ಒಳಗಿನ ಗಂಡಸರು. ಯಾವ ದೇಶದಲ್ಲಾದರೂ ಠಾಣೆಯ ಪುಸ್ತಕದಲ್ಲಿ ಹೆಚ್ಚಿಗೆ ಬೀಳುವುದು ಈ ವಯಸ್ಸಿನ ಗಂಡಸರ ಹೆಸರೇ. ಅವರನ್ನು ಮುದುಕರು, ಮಕ್ಕಳು, ಹೆಂಗಸರು ಎಲ್ಲರೂ ಸೇರಿದ ಸ್ಥಳೀಯರ ಜೊತೆ ಹೋಲಿಸಿದರೆ ಲೆಕ್ಕ ಮೊದಲೇ ವಾರೆಯಾಗುತ್ತದೆ. ಎರಡನೆಯದಾಗಿ, ಹಿಡಿಯುವುದು ಯಾರನ್ನು? ಮನೆಯ ಗೋಡೆ ಇದ್ದವನ ಕುಡಿತ ಒಳಗೆ ನಡೆಯುತ್ತದೆ, ಶೆಡ್ಡಿನವನ ಕುಡಿತ ರಸ್ತೆಯ ಮೇಲೆ. ಕಳುವಾದ ಓಣಿಯಲ್ಲಿ ಪೊಲೀಸರು ಮೊದಲು ಬಾಗಿಲು ಬಡಿಯುವುದು ಭಾಷೆ ಬಾರದವನ ಬಾಗಿಲನ್ನು. ಅವನಿಗೆ ಜಾಮೀನು ಕೊಡುವವರು ಇಲ್ಲ, ವಕೀಲನಿಗೆ ಕೊಡಲು ದುಡ್ಡಿಲ್ಲ, ಹಾಗಾಗಿ ಅವನು ಒಳಗೆ ಉಳಿಯುತ್ತಾನೆ. ಒಳಗೆ ಉಳಿದವನನ್ನು ಎಣಿಸಿ ‘ನೋಡಿ, ಜೈಲಿನಲ್ಲಿ ಎಲ್ಲ ಹೊರಗಿನವರೇ’ ಅನ್ನುತ್ತಾರೆ. ಜಾಲಿ ಬಿತ್ತಿ ಮುಳ್ಳು ಎಣಿಸಿದ ಹಾಗಾಯಿತು.

ಅಮೆರಿಕದಲ್ಲಿಯೂ ಇದೇ ಮಾತು ನೂರೈವತ್ತು ವರ್ಷದಿಂದ ನಡೆದಿದೆ. ಮೊದಲು ಐರ್ಲೆಂಡಿನವರು ಕಳ್ಳರು, ಆಮೇಲೆ ಇಟಲಿಯವರು, ಚೀನಿಯರು, ಈಗ ಮೆಕ್ಸಿಕೋದವರು. ಅಲ್ಲಿಯ ಅರ್ಥಶಾಸ್ತ್ರಜ್ಞರ ಒಂದು ತಂಡ 1870ರಿಂದ 2020ರವರೆಗಿನ ದಾಖಲೆ ತೆಗೆದು ನೋಡಿ 2023ರಲ್ಲಿ ಪ್ರಕಟಿಸಿತು. ಆ ಇಡೀ ಅವಧಿಯಲ್ಲಿ ವಲಸೆ ಬಂದವರು ಅಲ್ಲೇ ಹುಟ್ಟಿದವರಿಗಿಂತ ಹೆಚ್ಚು ಪ್ರಮಾಣದಲ್ಲಿ ಜೈಲು ಸೇರಿದ್ದೇ ಇಲ್ಲ. ಇತ್ತೀಚೆಗಂತೂ ಶೇಕಡಾ 60ರಷ್ಟು ಕಡಿಮೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಊರಲ್ಲಿ ಕಾಯುವ ಬಾಯಿಗಳಿದ್ದವನು, ಒಂದು ಕೇಸಾದರೆ ಬದುಕೇ ಮುಗಿಯಿತೆಂದು ತಿಳಿದವನು ತಲೆ ತಗ್ಗಿಸಿ ದುಡಿಯುತ್ತಾನೆ. ಗೋವಾದ ಲೆಕ್ಕ ಅಮೆರಿಕದ ಲೆಕ್ಕ ಅಲ್ಲ, ಒಪ್ಪುತ್ತೇವೆ. ಆದರೆ 90 ಎಂದು ಹೇಳುವವರು ಯಾವ ಪುಸ್ತಕ, ಯಾವ ವರ್ಷ, ಎಷ್ಟು ಕೇಸು ಸಾಬೀತಾದವು ಎಂದು ಜನರ ಮುಂದೆ ಇಡಬೇಕಾಗುತ್ತದೆ.

ನಮ್ಮ ಇನ್ನೊಂದು ಪ್ರಶ್ನೆ ಇದಕ್ಕಿಂತ ದೊಡ್ಡದು. ವಲಸಿಗರು ಮಾಡಿದ ಅಪರಾಧ ಎಣಿಸಿದಿರಿ, ವಲಸಿಗರ ಮೇಲೆ ನಡೆದ ಅಪರಾಧ ಎಣಿಸುವವರು ಯಾರು? ಗದುಗಿನ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಬರೆದ ಎಂದು ನಮ್ಮ ಊರಿಗೆ ಹೆಮ್ಮೆ. ಅವನ ವಿರಾಟಪರ್ವವನ್ನು ಗಮಕಿಗಳು ಓದುತ್ತಾರೆ, ಮಳೆ ಬರಲಿ ಎಂದು ಹಳ್ಳಿಗಳಲ್ಲಿ ಓದಿಸುತ್ತಾರೆ. ಆ ಕತೆ ಏನು? ಭೂಮಿ ಕಳಕೊಂಡ ಒಂದು ಕುಟುಂಬ ಬೇರೆ ಸೀಮೆಗೆ ಹೋಗಿ, ಹೆಸರು ಬದಲಿಸಿ, ಅಡಿಗೆಮನೆಯಲ್ಲಿ, ಕುದುರೆ ಲಾಯದಲ್ಲಿ, ದನದ ಹಟ್ಟಿಯಲ್ಲಿ ಕೂಲಿಗೆ ನಿಂತದ್ದು. ವಲಲನಾಗಿ ಭೀಮ ಸೌಟು ಹಿಡಿದ. ಸೈರಂಧ್ರಿಯಾಗಿ ದ್ರೌಪದಿ ಕೂದಲು ಬಾಚುವ ಕೆಲಸಕ್ಕೆ ಸೇರಿದಳು. ಯಜಮಾನರ ಮೈದುನ ಅವಳ ಮೇಲೆ ಬಿದ್ದ, ತುಂಬಿದ ಸಭೆಯಲ್ಲಿ ಒದ್ದ, ದೊರೆ ಬಾಯಿ ತೆಗೆಯಲಿಲ್ಲ. ಇದನ್ನು ಗುಳೆಯ ಕತೆ ಎಂದು ಯಾವ ಪಂಡಿತನೂ ವ್ಯಾಖ್ಯಾನ ಮಾಡಿದ್ದು ನಾವು ಕೇಳಿಲ್ಲ. ರಾಜಕುಮಾರರು ಹೋದರೆ ಅಜ್ಞಾತವಾಸ, ಮುಂಡರಗಿಯ ಕೂಲಿ ಹೋದರೆ ಗುಳೆ. ವಿರಾಟನ ಮನೆಯ ಕೀಚಕರು ಇವತ್ತೂ ಇದ್ದಾರೆ. ಸೈಟಿನ ಸೂಪರ್‌ವೈಜರ್ ಆಗಿ, ಮೇಸ್ತ್ರಿಯಾಗಿ, ಮಾಲೀಕನ ತಮ್ಮನಾಗಿ. ಶೆಡ್ಡಿಗೆ ಬಾಗಿಲೇ ಇಲ್ಲದ ಹೆಣ್ಣುಮಗಳ ದೂರು ಯಾವ ಭಾಷೆಯಲ್ಲಿ, ಯಾವ ಠಾಣೆಯಲ್ಲಿ ದಾಖಲಾಗುತ್ತದೆ?

ಮುಂಗಡದ ಮಾತು ನೋಡಿರಿ. ದೀಪಾವಳಿಗೆ ಕೈಗೆ ಕೊಟ್ಟ ದುಡ್ಡು ತೀರುವ ತನಕ ಬಿಡುವಂತಿಲ್ಲ, ಬೇರೆ ಕಡೆ ದುಡಿಯುವಂತಿಲ್ಲ, ಲೆಕ್ಕ ಮೇಸ್ತ್ರಿಯ ಪುಸ್ತಕದಲ್ಲಿ. 1976ರ ಜೀತ ನಿರ್ಮೂಲನ ಕಾಯ್ದೆಯ ಪ್ರಕಾರ ಹೀಗೆ ಮನುಷ್ಯರನ್ನು ಸಾಲಕ್ಕೆ ಕಟ್ಟಿಹಾಕಿ ದುಡಿಸುವುದು ಅಪರಾಧ. ಮೂರು ವರ್ಷದ ತನಕ ಜೈಲು. ಕನಿಷ್ಠ ಕೂಲಿ ಕೊಡದಿರುವುದು ಕಾನೂನು ಮುರಿದ ಹಾಗೆ. ಹೊರರಾಜ್ಯಕ್ಕೆ ಕೂಲಿಗಳನ್ನು ಒಯ್ಯುವ ಗುತ್ತಿಗೆದಾರ ಲೈಸೆನ್ಸು ಪಡೆಯಬೇಕು, ಹೋಗಿಬರುವ ಖರ್ಚು ಕೊಡಬೇಕು ಎಂದು 1979ರಲ್ಲೇ ಕಾಯ್ದೆ ಬರೆದರು. ಈ ಕಾಯ್ದೆಗಳು ಮುರಿದ ಒಂದೊಂದು ಸಲವೂ ಠಾಣೆಯಲ್ಲಿ ದಾಖಲಾಗಿದ್ದರೆ ಶೇಕಡಾ 90 ಯಾರ ಕಡೆಗೆ ವಾಲುತ್ತಿತ್ತು? ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಹುಕಾರನ ಕಡಲೆಕಾಯಿ ಮೂಟೆ ಕಳುವಾಗುತ್ತದೆ. ಹಸಿದ ಮನೆ ಇಡೀ ರಾತ್ರಿ ಕೂತು ತಿಂದು ಮುಗಿಸುತ್ತದೆ. ಬೆಳಗಾದರೆ ಪೊಲೀಸರಿಗೆ ಸಿಪ್ಪೆಯೂ ಸಿಗುವುದಿಲ್ಲ. ನಮ್ಮ ಕಡೆಯ ಶೇಂಗಾ ಹೊಲಗಳಲ್ಲಿ ದುಡಿದವರಿಗೆ ಆ ರಾತ್ರಿಯ ರುಚಿ ಗೊತ್ತು. ಮೂಟೆ ಕದ್ದವರನ್ನು ಹುಡುಕಲು ಪೊಲೀಸರು ಬಂದರು. ಆ ಮನೆಯ ಹಸಿವಿಗೆ ಕಾರಣರಾದವರನ್ನು ಹುಡುಕಲು ಯಾರೂ ಬರಲಿಲ್ಲ. ಗುಳೆಯ ಬಗ್ಗೆ ಬರೆಯುವವರು ಕಲಿಯಬೇಕಾದ ಕಣ್ಣು ಅದು.

ಗಡಿ ದಾಟಿದವನಿಗೆ ಇನ್ನೂ ಒಂದು ಆಟ ಕಾದಿರುತ್ತದೆ. ಕರ್ನಾಟಕದಲ್ಲಿ ಲಂಬಾಣಿ ಪರಿಶಿಷ್ಟ ಜಾತಿ. ತೆಲಂಗಾಣ, ಆಂಧ್ರದಲ್ಲಿ ಪರಿಶಿಷ್ಟ ಪಂಗಡ. ಗೋವಾದ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಇರುವುದು ಐದೇ ಜಾತಿ, ಅದರಲ್ಲಿ ಲಂಬಾಣಿ ಇಲ್ಲ. ಹೊಟ್ಟೆಪಾಡಿಗೆ ರಾಜ್ಯ ಬಿಟ್ಟು ಹೋದವನು ತನ್ನ ಪರಿಶಿಷ್ಟ ಸ್ಥಾನದ ಸವಲತ್ತನ್ನು ಜೊತೆಗೆ ಒಯ್ಯಲಾರ ಎಂದು ಸುಪ್ರೀಂ ಕೋರ್ಟು 1990ರಲ್ಲಿ ಹೇಳಿತು. ಅಂದರೆ ವಾಸ್ಕೋದಲ್ಲಿ ಹುಟ್ಟಿ ಬೆಳೆದ ತಾಂಡಾದ ಹುಡುಗನಿಗೆ ಸರ್ಟಿಫಿಕೇಟು ಇಲ್ಲ, ಸ್ಕಾಲರ್‌ಶಿಪ್ ಇಲ್ಲ. ಜಾತಿ ಮಾತ್ರ ಗಡಿ ದಾಟಿ ಜೊತೆಗೇ ಬರುತ್ತದೆ, ಟಿಕೆಟ್ಟೂ ಇಲ್ಲದೆ.

ಇಲ್ಲಿಯವರೆಗೆ ಬೆರಳು ಗೋವಾದ ಕಡೆ ಇತ್ತು. ಈಗ ನಮ್ಮ ಕಡೆ ತಿರುಗಿಸುತ್ತೇವೆ.

ಗದಗ-ಬೆಟಗೇರಿಯಲ್ಲಿ ಹೊಸ ಮನೆ ಕಟ್ಟುವವರು ಟೈಲ್ಸು ಕೂಡಿಸಲು, ಪಿಒಪಿ ಮಾಡಲು ಹಿಂದಿ ಮಾತಾಡುವ ಹುಡುಗರನ್ನು ಕರೆಯುತ್ತಾರೆ. ಅಗ್ಗ, ಹೇಳಿದಷ್ಟು ಹೊತ್ತು ದುಡಿಯುತ್ತಾರೆ, ತಿರುಗಿ ಮಾತಾಡುವುದಿಲ್ಲ. ಆಮೇಲೆ ಓಣಿಯಲ್ಲಿ ಒಂದು ಮೊಬೈಲು ಕಳೆದರೆ ‘ಆ ಬಿಹಾರಿಗಳ ಕೆಲಸ’ ಅನ್ನುತ್ತಾರೆ. ನಮ್ಮ ಹುಡುಗರೂ ‘ನಮ್ಮ ಕೂಲಿ ಕೆಡಿಸಿದರು’ ಎಂದು ಸಿಟ್ಟಾಗುತ್ತಾರೆ. ಈ ಸಿಟ್ಟು ಸುಳ್ಳಲ್ಲ, ಆದರೆ ದಾರಿ ತಪ್ಪಿದೆ. 1980ರಲ್ಲಿ ಕ್ಯೂಬಾದಿಂದ ಸುಮಾರು ಒಂದೂಕಾಲು ಲಕ್ಷ ಜನ ಕೆಲವೇ ತಿಂಗಳಲ್ಲಿ ಅಮೆರಿಕಕ್ಕೆ ಬಂದರು. ಅವರಲ್ಲಿ ಬಹಳಷ್ಟು ಮಂದಿ ನೆಲೆಸಿದ ಮಯಾಮಿ ನಗರದಲ್ಲಿ ದುಡಿಯುವವರ ಸಂಖ್ಯೆ ಒಮ್ಮೆಲೇ ಶೇಕಡಾ 7ರಷ್ಟು ಏರಿತು. ಸ್ಥಳೀಯರ ಕೂಲಿ ಅದರಿಂದ ಬೀಳಲಿಲ್ಲ ಎಂದು ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ತೋರಿಸಿದ. ಓದು ಕಡಿಮೆ ಇದ್ದವರ ಕೂಲಿ ಬಿದ್ದಿತು ಎಂದು ಬೋರ್ಹಾಸ್ ಎಂಬ ಇನ್ನೊಬ್ಬ ವಾದ ಹೂಡಿದ. ಪಂಡಿತರ ಜಗಳ ಮುಗಿದಿಲ್ಲ. ನಮ್ಮ ಬೀದಿಯಲ್ಲಿ ಕಾಣುವುದಿಷ್ಟು: ಕೂಲಿ ಕೆಡುವುದು ಹೊಸಬ ಬಂದದ್ದರಿಂದ ಅಲ್ಲ, ಹೊಸಬನಿಗೆ ಹಕ್ಕು ಇಲ್ಲದ್ದರಿಂದ. ಹಕ್ಕಿಲ್ಲದ ಒಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಗುತ್ತಿಗೆದಾರ ಹತ್ತು ಜನರ ಕೂಲಿ ಇಳಿಸುತ್ತಾನೆ. ಗೋವಾದಲ್ಲಿ ಆ ಒಬ್ಬ ನಮ್ಮವನು.

2020ರ ಮೇ ಮೊದಲ ವಾರ ನೆನಪಿದೆಯೇ? ಲಾಕ್‌ಡೌನಿನಲ್ಲಿ ಬೆಂಗಳೂರಿನ ಉತ್ತರದೇಶದ ಕೂಲಿಗಳು ಊರಿಗೆ ಹೋಗಬೇಕೆಂದರು. ಕಟ್ಟಡ ಕಟ್ಟಿಸುವ ದೊಡ್ಡವರ ಜೊತೆ ಮುಖ್ಯಮಂತ್ರಿಗಳು ಸಭೆ ಮಾಡಿದರು, ಕೂಡಲೇ ನಮ್ಮ ಸರ್ಕಾರ ಅವರ ರೈಲುಗಳನ್ನೇ ರದ್ದು ಮಾಡಿಸಿತು. ದೇಶವೆಲ್ಲ ಛೀ ಎಂದ ಮೇಲೆ ಮತ್ತೆ ಬಿಟ್ಟಿತು. ಬಂದಾಗ ಪರಕೀಯ, ಹೋಗುತ್ತೇನೆಂದರೆ ಬಿಡುವಂತಿಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಾರ ಎಂಬ ಗಾಳಿಮಾತು ಮೊಬೈಲಿನಲ್ಲಿ ಹಬ್ಬಿತು. ಬೆಂಗಳೂರಿನಲ್ಲಿ ರಾಜಸ್ಥಾನದಿಂದ ದುಡಿಯಲು ಬಂದ ಹುಡುಗನನ್ನು ಜನ ಬಡಿದು ಕೊಂದರು. ಆ ವರ್ಷ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಭಿಕ್ಷೆಗೆ ಬಂದ ಅಲೆಮಾರಿ ಗೋಸಾವಿ ಸಮುದಾಯದ ಐವರನ್ನು ಪಂಚಾಯಿತಿ ಕಚೇರಿಯ ಕೋಣೆಯಲ್ಲೇ ಕೊಂದರು. ಅಲೆದಾಡುವವನು ಕಳ್ಳ ಎಂಬ ನಂಬಿಕೆ ಮೊಬೈಲಿಗಿಂತ ಬಹಳ ಹಳೆಯದು. ಅದಕ್ಕೆ ಕಾಯ್ದೆಯೇ ಇತ್ತು, ನಮ್ಮ ಬೆಟಗೇರಿಯಲ್ಲಿ ಅದರ ಗುರುತು ಇನ್ನೂ ಇದೆ.

ಬೆಟಗೇರಿಯ ‘ಸೆಟ್ಲಮೆಂಟ್’ ಎಂಬ ಜಾಗ ಎಲ್ಲರಿಗೂ ಗೊತ್ತು. ಆಟೋದವರು ಹೆಸರು ಕೇಳಿದರೆ ಒಮ್ಮೆ ನಿಮ್ಮ ಮುಖ ನೋಡುತ್ತಾರೆ. ಆ ಇಂಗ್ಲಿಷ್ ಹೆಸರು ಎಲ್ಲಿಂದ ಬಂತು ಎಂದು ನಮ್ಮ ಶಾಲೆಗಳಲ್ಲಿ ಹೇಳಿಕೊಡುವುದಿಲ್ಲ. 1871ರಲ್ಲಿ ಇಂಗ್ಲಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿದರು. 1911ರಲ್ಲಿ ಅದು ಇಡೀ ದೇಶಕ್ಕೆ ಹರಡಿತು. ಉಪ್ಪು, ದವಸ ಹೇರುತ್ತಿದ್ದವರು, ಬುಟ್ಟಿ ಹೆಣೆಯುತ್ತಿದ್ದವರು, ಬೇಟೆಯಾಡುತ್ತಿದ್ದವರು ರೈಲು ಬಂದು ಅರಣ್ಯ ಕಾಯ್ದೆ ಬಂದು ಬದುಕು ಕಳಕೊಂಡ ಮೇಲೆ, ಅಲೆದಾಡುವುದೇ ಅವರ ಅಪರಾಧ ಆಯಿತು. ಹುಟ್ಟಿದ ಕೂಸೂ ಅಪರಾಧಿ. ಕೊರಚರು, ಗಂಟಿಚೋರರು, ಹರಣಶಿಕಾರಿಗಳು, ಪಾರ್ಧಿಗಳು ಇಂಥವರನ್ನು ಹಿಡಿದು ತಂದು ಮುಂಬಯಿ ಪ್ರಾಂತದಲ್ಲಿ ವಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರದಂಥ ಊರುಗಳಲ್ಲಿ ಸೆಟ್ಲಮೆಂಟು ಮಾಡಿದರು. ಹಾಜರಿ, ಪಾಸು, ಅಪ್ಪಣೆ ಇಲ್ಲದೆ ಹೊರಗೆ ಹೋದರೆ ಶಿಕ್ಷೆ. ಈ ಊರುಗಳನ್ನೇ ಯಾಕೆ ಆರಿಸಿದರು? ಅರಳೆ ಇತ್ತು, ಗಿರಣಿ ಇತ್ತು, ರೈಲ್ವೆ ಕೆಲಸ ಇತ್ತು. ಅಪರಾಧಿ ಎಂದು ಬರೆಸಿಕೊಂಡವನು ಗಿರಣಿ ಮಾಲೀಕನಿಗೆ ಎದುರು ಮಾತಾಡಲಾರ, ಮುಷ್ಕರ ಹೂಡಲಾರ, ಬಿಟ್ಟು ಹೋಗಲಾರ. ಗಂಟಿಚೋರರು ತಮ್ಮನ್ನು ಗಿರಣಿ ವಡ್ಡರು ಎಂದೂ ಕರೆದುಕೊಳ್ಳುತ್ತಾರೆ. ಆ ಹೆಸರಿನಲ್ಲೇ ಇಡೀ ಇತಿಹಾಸ ಇದೆ. ಗೋವಾದ ಲೇಬರ್ ಕಾರ್ಡಿಗೂ ಸೆಟ್ಲಮೆಂಟಿನ ಪಾಸಿಗೂ ನಡುವೆ ನೂರು ವರ್ಷ ಕಳೆದಿವೆ, ಅನುಮಾನ ಅದೇ.

ಈ ಸೆಟ್ಲಮೆಂಟುಗಳ ಮೇಲಧಿಕಾರಿಯಾಗಿದ್ದ ಸ್ಟಾರ್ಟ್ ಸಾಹೇಬನ ಅಧ್ಯಕ್ಷತೆಯಲ್ಲೇ 1928ರಲ್ಲಿ ಮುಂಬಯಿ ಸರ್ಕಾರ ದಲಿತರ, ಬುಡಕಟ್ಟಿನವರ ಸ್ಥಿತಿ ತಿಳಿಯಲು ಸಮಿತಿ ಮಾಡಿತು. ಅದರಲ್ಲಿ ಬಾಬಾಸಾಹೇಬರು ಸದಸ್ಯರಾಗಿದ್ದರು. ಮುಂಬಯಿ ಪ್ರಾಂತದಲ್ಲಿ ಕಾಯ್ದೆ 1949ರಲ್ಲಿ ಹೋಯಿತು, ದೇಶಕ್ಕೆಲ್ಲ 1952ರ ಆಗಸ್ಟ್ 31ರಂದು. ‘ವಿಮುಕ್ತ’ರು ಎಂದರು. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದು ಕೂತವು. ವಿಮುಕ್ತ ಬುಡಕಟ್ಟಿನವರನ್ನು ಮನಸ್ಸಿಗೆ ಬಂದ ಹಾಗೆ ಬಂಧಿಸಬೇಡಿ ಎಂದು ಪೊಲೀಸರಿಗೆ ಹೇಳಲು ಸುಪ್ರೀಂ ಕೋರ್ಟಿಗೆ 2024ರ ಅಕ್ಟೋಬರ್ ಬೇಕಾಯಿತು. ಬೆಟಗೇರಿಯಲ್ಲಿ ಕಳುವಾದರೆ ಜೀಪು ಮೊದಲು ಯಾವ ಕಡೆ ತಿರುಗುತ್ತದೆ ಎಂಬುದು ನಮ್ಮ ಓದುಗರಿಗೆ ತಿಳಿಯದ್ದೇನಲ್ಲ. ಈ ಓಣಿಯ ಹುಡುಗರೂ ಊರು ಬಿಟ್ಟು ದುಡಿಯಲು ಹೋಗುತ್ತಾರೆ. ಗೋವಾದಲ್ಲಿ ಅವರು ಬರೀ ಘಾಟಿ. ಗದಗಿಗಿಂತ ಅಲ್ಲಿಯೇ ಅವರಿಗೆ ಒಂದು ಬೈಗುಳ ಕಡಿಮೆ.

ಇನ್ನು ಮಾಸ್ತರುಗಳಿಗೆ ಒಂದು ಮಾತು. ಮುಂಡರಗಿ, ಶಿರಹಟ್ಟಿಯ ಶಾಲೆಗಳಲ್ಲಿ ಹಾಜರಿ ಪುಸ್ತಕದಲ್ಲಿ ನವೆಂಬರ್‌ನಿಂದ ಗೈರು ಬೀಳುವ ಮಕ್ಕಳ ಹೆಸರಿನ ಮುಂದೆ ‘ಗುಳೆ’ ಎಂದು ಬರೆಯುವುದು ರೂಢಿ. ಎಲ್ಲಿಗೆ, ಯಾರ ಸೈಟಿಗೆ, ಯಾವ ಮೇಸ್ತ್ರಿಯ ಕೈಗೆ ಎಂದು ಪಕ್ಕದಲ್ಲಿ ಬರೆದಿಡುವುದು ಕಷ್ಟವೇನಲ್ಲ. ನಮ್ಮ ಸೀಮೆಯಲ್ಲಿ ಅಂಥ ಪುಸ್ತಕ ಬೇರೆ ಯಾರ ಹತ್ತಿರವೂ ಇಲ್ಲ. ಕಟ್ಟಡದಿಂದ ಬಿದ್ದವನ ಪರಿಹಾರ ಕೇಳಲು, ಬರದ ಕೂಲಿ ಕೇಳಲು, ತಿರುಗಿ ಬಾರದ ಹುಡುಗಿಯನ್ನು ಹುಡುಕಲು ಆ ಒಂದು ಸಾಲು ಸಾಕ್ಷಿ ಆಗುತ್ತದೆ.

ಬೆಟಗೇರಿಯ ಮಾಸ್ತರುಗಳು ನೋಡಬೇಕಾದದ್ದು ಇನ್ನೊಂದು ಇದೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಗಂಟಿಚೋರ್’ ಎಂಬುದು ಸರ್ಕಾರಿ ಹೆಸರು. ಸೆಟ್ಲಮೆಂಟಿನ ಹುಡುಗಿ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಬೇಕಾದರೆ ತಹಸೀಲದಾರ ಕಚೇರಿಯ ಕಿಟಕಿಯ ಮುಂದೆ ಪಾಳಿಯಲ್ಲಿ ನಿಲ್ಲಬೇಕು. ಒಳಗಿನವರು ಜಾತಿ ಯಾವುದು ಎಂದು ಕೇಳುತ್ತಾರೆ. ಹಿಂದೆ ಮುಂದೆ ಜನ ನಿಂತಿರುತ್ತಾರೆ. ಕಳ್ಳರು ಎಂಬ ಅರ್ಥದ ಆ ಹೆಸರನ್ನು ಅವಳು ತನ್ನ ಬಾಯಿಂದಲೇ, ಕೇಳುವ ಹಾಗೆ, ಎರಡು ಸಲ ಹೇಳಬೇಕಾಗುತ್ತದೆ.